ಗುಣವಂತ ಖರೇ, ಎತ್ತರ ಸಾಲದು

ಉಣಕಲ್ ಕೆರೆಯ ಎದುರಿನ ಚಹಾದಂಗಡಿಗೆ ನಾವು ಹೋಗುವಷ್ಟರಲ್ಲಿ ದತ್ಯಾ ಆಗಲೇ ಒಂದು ಪ್ಲೇಟು ಮಿರ್ಚಿ ಮುಗಿಸಿ ಇನ್ನೊಂದಕ್ಕೆ ಹೇಳಿದ್ದ. ಸಿಟ್ಟು ಬಂದಾಗ ಅವನು ಮಿರ್ಚಿ ತಿನ್ನುತ್ತಾನೆ. ಖುಷಿಯಾದಾಗಲೂ ತಿನ್ನುತ್ತಾನೆ, ಆದರೆ ಆಗ ನಮಗೂ ಹೇಳುತ್ತಾನೆ.

"ಏನಾತಲೇ?" ಅಂದ ಬಸ್ಯಾ.

"ವರಾ ನೋಡ್ಲಿಕ್ಕೆ ಬಂದಿದ್ರು. ಒಲ್ಲೆ ಅಂದು ಹೋದ್ರು."

ದತ್ಯಾನಿಗೆ ಗಂಡುಮಕ್ಕಳಿಲ್ಲ. ಇದ್ದೊಬ್ಬ ಮಗಳನ್ನು ಪುಣೆಗೆ ಕೊಟ್ಟು ಎಂಟು ವರ್ಷವಾಯಿತು. ಬಸ್ಯಾ ಕಪ್ಪನ್ನು ಬಸಿಯಲ್ಲಿಟ್ಟು, "ಯಾವ ವರಾ?" ಅಂದ.

"ಬೇವಿನ ಗಿಡದ ಕೆಳಗ ನಿಂತಾನಲ್ಲ, ಬೆಳ್ಳಿ ಬಣ್ಣದಾಂವ."

2008ರ ಕೊರೋಲಾ, ಹಿಂದೆ ಡಿಕ್ಕಿ ಇರುವ ತಗ್ಗು ಕಾರು. ಕೆಎ 25 ಪಾಸಿಂಗ್. ನಾಲ್ಕೂವರೆ ಮೀಟರ್ ಉದ್ದ, ಮೈಮೇಲೆ ಒಂದು ಗೀರಿಲ್ಲ. ಬೇವಿನ ಹೂ ಉದುರಿಸಿಕೊಂಡು, ಅಕ್ಷತೆ ಬಿದ್ದವರಂತೆ ಸಂಭಾವಿತನಾಗಿ ನಿಂತಿತ್ತು.

"ನವಲೂರಿಂದ ಬಂದಿದ್ರು. ಅಪ್ಪ, ಮಗ, ಮಗನ ಸ್ವಾದರಮಾವ. ಬಾನೆಟ್ ತೆಗಿಸಿ ಹಲ್ಲು ನೋಡಿದ್ರು. ಎದಿ ಬಡಿತ ಕೇಳಿದ್ರು. 'ಎಣ್ಣಿ ಕುಡೀತಾನೇನ್ರಿ?' ಅಂದ್ರು. 'ಒಂದು ಹನಿ ಇಲ್ಲ, ಸರ್ವಿಸಿಗೆ ಹಾಕಿದ್ದು ಮುಂದಿನ ಸರ್ವಿಸಿನ ತನಕಾ ಹಂಗ ಇರ್ತದ' ಅಂದೆ. ಮನೆತನ ಕೇಳಿದ್ರು. 'ಮೂಲ ಜಪಾನ, ಹುಟ್ಟಿದ್ದು ಬಿಡದಿ' ಅಂದೆ. ಅಪ್ಪ ಒಪ್ಪಿದ. ಮಗ ಮೊಬೈಲ್‌ನಾಗ ಫೋಟೋ ತಕ್ಕೊಂಡ. ಆಮ್ಯಾಲ ಆ ಮಾವ ಬಂದು ಗಾಡಿ ಬಾಜೂಕ ನಿಂತ. ಟಪ್ಪಿನ ಮ್ಯಾಲಿಂದ ಆ ಕಡೆ ನೋಡಿದ. ಆ ಕಡೆ ಎಮ್ಮಿ ಕಾಣಿಸ್ತು. ಅಷ್ಟ. 'ಹುಡುಗ ಗುಣವಂತ ಖರೇ, ಎತ್ತರ ಸಾಲದು' ಅಂದ. ಚೂಡಾ ಮಾತ್ರ ಬಿಡಲಿಲ್ಲ, ಪೂರಾ ತಿಂದು ಹೋದ."

ಪಾಟೀಲ ಸರ್ ನಕ್ಕರು. ಬಸ್ಯಾ ನಗಲಿಲ್ಲ. ಅವನ ಗಾಡಿ ದಸರೆಗೆ ಬಂದದ್ದು. ಬೇವಿನ ಗಿಡದ ಕೆಳಗಿನ ಟೊಂಗೆಗೆ ತಲೆ ತಾಗುತ್ತದೆಂದು ದೂರ ನಿಲ್ಲಿಸಿದ್ದ.

"ಅದರಾಗ ತಪ್ಪೇನೈತಿ? ಎತ್ತರ ಬೇಕ ಬೇಕು. ನಮ್ಮೂರಾಗ ಹಂಪ್ ಹೆಂಗದಾವ, ತೆಗ್ಗು ಹೆಂಗದಾವ? ಮಳಿ ಬಂದ್ರ ರಸ್ತಾ ಯಾವ್ದು, ಕೆರಿ ಯಾವ್ದು ತಿಳಿಯಂಗಿಲ್ಲ. ನಿನ್ನ ಗಾಡಿ ಹಂಪ್ ಮ್ಯಾಲ ಹೋದ್ರ ಪರ್ರ್ ಅಂತ ಹೊಟ್ಟಿ ಹರಕೋತೈತಿ."

"ಅಡ್ಡ ತಿರುಗಿಸಿ ದಾಟಸ್ತೀನಿ. ಒಂದೊಂದ ಗಾಲಿ."

"ಹೌದು, ಹಿಂದಿನವರೆಲ್ಲಾ ತೇರು ತಿರುಗೂತನಕಾ ಕೈ ಮುಗದು ನಿಂತಿರಬೇಕು."

ಈ ಮಾತಿಗೆ ದತ್ಯಾನ ಬಳಿ ಉತ್ತರವಿರಲಿಲ್ಲ. ಇಂಥ ಹೊತ್ತಿನಲ್ಲಿ ಅವನು ಬೇರೆ ಕಡೆಯಿಂದ ಏರಿ ಬರುತ್ತಾನೆ.

"ತೇರು ಅಂದ್ಯಲ್ಲ, ಸಿದ್ಧಾರೂಢರ ಜಾತ್ರಿ ನೋಡೀಯಲ್ಲ? ತೇರು ಎಳಿಯೂ ಹೊತ್ತಿಗೆ ಒಬ್ಬಾಂವ ಮಗನ್ನ ಹೆಗಲ ಮ್ಯಾಲ ಕುಂಡ್ರಿಸಿಕೋತಾನ. ಹಿಂದಿನವಗ ತೇರು ಮುಚ್ಚತದ. ಅಂವಾ ತನ್ನ ಮಗನ್ನ ಎತ್ತತಾನ. ಅವನ ಹಿಂದಿನಾಂವ ತಾನೂ ಎತ್ತತಾನ. ಕಡೀಕ ಎಲ್ಲಾರ ಕುತ್ತಿಗಿ ಮ್ಯಾಲ ಒಂದೊಂದು ಹುಡುಗ, ತೇರು ಯಾರಿಗೂ ಕಾಣೂದಿಲ್ಲ, ಉತ್ತತ್ತಿ ಎಲ್ಲಾ ಮುಂದಿನವನ ತಲಿಗೆ ಬೀಳ್ತಾವ. ನೀವು ಎತ್ತರದ ಗಾಡಿ ತಗೊಂಡದ್ದು ಹಿಂಗ. ನೀ ಮುಂದ ನಿಂತಿ ಅಂದ್ರ ನನಗ ಸಿಗ್ನಲ್ ಕಾಣೂದಿಲ್ಲ. ನಿನ್ನ ಹಿಂದ ಹಾರ್ನ್ ಹೊಡದವರ ಮ್ಯಾಲ ಭರೋಸಾ ಇಟ್ಟು ಗಾಡಿ ಬಿಡ್ತೀನಿ."

"ನೀನೂ ಒಂದು ತಗೋ ಅಂದ್ರ."

"ಅದ ಆ ಮೂರನೇ ಹುಡುಗ."

ಪಾಟೀಲ ಸರ್ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಪೇಪರನ್ನು ಜಾಹೀರಾತು ಸಹಿತ ಓದುತ್ತಾರೆ. ಸೊಸೆಯ ಅಣ್ಣ ಅಮೆರಿಕದಲ್ಲಿದ್ದಾನೆ. "ಇದು ಹುಬ್ಬಳ್ಳಿ ಮಾತಲ್ಲ ದತ್ತಾ," ಅಂದರು. "ಅಮೆರಿಕಾದಾಗೂ ಇದ ಹಾಡು. ಫೋರ್ಡಿನವರು 2018ರಾಗ, ಮಸ್ಟಾಂಗಿನಂಥ ಒಂದೆರಡು ಬಿಟ್ಟು ಇನ್ನ ಮ್ಯಾಲ ಇಲ್ಲಿ ಕಾರ್ ಮಾರೂದ ಇಲ್ಲ, ಎತ್ತರದ್ದು ಮತ್ತ ಟ್ರಕ್ ಅಷ್ಟ ಅಂತ ಹೇಳಿಬಿಟ್ರು. ಪೊಲೀಸರು, ಟ್ಯಾಕ್ಸಿಯವರು ಹೊಡಿತಿದ್ರಲ್ಲ ಆ ಕ್ರೌನ್ ವಿಕ್ಟೋರಿಯಾ, ಅದು 2011ಕ್ಕ ಮುಗದಿತ್ತು. ಶೆವ್ರೊಲೆ ಮಾಲಿಬು 2024ಕ್ಕ ಹೋತು."

"ಇಲ್ಲಿಯವರದೂ ಓದ್ರಿ ಸರ್, ತಿಥಿ ಪ್ರಕಾರ," ಅಂದ ದತ್ಯಾ. ತಾನೇ ಓದಿದ. "ಅಂಬಾಸಿಡರ್, 2014. ಸಿವಿಕ್, 2020. ನಮ್ಮಾಂವ, ಕೊರೋಲಾ, ಅದ 2020. ಸಿಯಾಜ್, 2025. ಬಂಧು ಬಳಗದವರು ಇದನ್ನ ಆಮಂತ್ರಣ ಅಂತ ತಿಳಕೋಬೇಕು."

"ಡಿಜೈರ್ ಓಡ್ತೈತಲ್ಲ? ಹಾದಿಗೆ ಹತ್ತು ಕಾಣ್ತಾವ," ಅಂದ ಬಸ್ಯಾ.

ದತ್ಯಾ ಮಿರ್ಚಿಯ ತುಂಬು ಹಿಡಿದು ಎತ್ತಿ ತೋರಿಸಿದ. "ಇದು ಎಷ್ಟು ಉದ್ದ? ಇದರ ಬಾಲ ಕತ್ತರಿಸಿದ್ರ ಇದು ಮಿರ್ಚಿನೋ ಭಜಿನೋ? 2006ರ ಬಜೆಟ್‌ನಾಗ ಸರಕಾರ ಏನಂತು? 4 ಮೀಟರ್ ಒಳಗಿದ್ದ ಸಣ್ಣ ಇಂಜಿನ್ನಿನ ಗಾಡಿಗೆ ಸುಂಕ ಕಡಿಮಿ ಅಂತು. ಅಷ್ಟ ತಡ, ಎಲ್ಲಾರೂ ಕತ್ರಿ ತಗೊಂಡು ಡಿಕ್ಕಿ ಹಿಂದ ನಿಂತ್ರು. 2008ರಾಗ ಇಂಡಿಗೊ ಬಾಲ ಹೋತು. ಡಿಜೈರ್ ಹುಟ್ಟಿದಾಗ 4 ಮೀಟರ್ ದಾಟಿತ್ತು, 2012ರಾಗ ಎಷ್ಟಾತು ಗೊತ್ತೇನು? 3995 ಮಿಲಿಮೀಟರ್! ಐದು ಮಿಲಿಮೀಟರ್ ಬಿಟ್ಟದ್ದು ಯಾಕ? ನಂಬರ್ ಪ್ಲೇಟಿಗೆ ಧೂಳು ಕುಂತ್ರ ಲೆಕ್ಕ ತಪ್ಪಬಾರದಂತ. ಈಗೂ ಹಂಗ ಅದ. 4 ಮೀಟರ್ ಒಳಗಿದ್ದು ಪೆಟ್ರೋಲ್ 1200, ಡೀಸೆಲ್ 1500 ಸಿಸಿ ದಾಟದಿದ್ರ ಜಿಎಸ್‌ಟಿ 18. ದಾಟಿದ್ರ 40. ಉದ್ದ ಇರೂದಕ್ಕ ದಂಡ. ನಮ್ಮೂರಾಗ ಉದ್ದಕ್ಕ ಮರ್ಯಾದಿ ಸಿಕ್ಕದ್ದು ಒಬ್ಬಗ, ರೈಲ್ವೆ ಪ್ಲಾಟ್‌ಫಾರ್ಮಿಗೆ. 1507 ಮೀಟರ್ ಅಂತ ಗಿನ್ನೆಸ್‌ನಾಗ ಬರದುಕೊಂಡ್ರು. ಅದರ ಮುಂದ ನಾಲ್ಕೂವರಿ ಮೀಟರಿನವನ ಮಾನ ಹೋತು."

ಪ್ಲಾಟ್‌ಫಾರ್ಮ್ ಅಂದದ್ದೇ ತಪ್ಪಾಯಿತು. ಬಸ್ಯಾ ಎದ್ದು ಕುಂತ. "ಅದನ್ನ ಹೇಳು, ಸ್ಟೇಷನ್ ಕಥಿ ಹೇಳು."

ಕಥೆ ನಮಗೆಲ್ಲ ಬಾಯಿಪಾಠ. ಆದರೂ ಕೇಳಿದೆವು. ಮಗಳನ್ನು ಕರೆತರಲು ದತ್ಯಾ ಹುಬ್ಬಳ್ಳಿ ಸ್ಟೇಷನ್ನಿನ ಮುಂದೆ ಗಾಡಿ ನಿಲ್ಲಿಸಿ ಕುಂತಿದ್ದ. ಯಾರೋ ಒಬ್ಬ ಹುಡುಗ ಬಂದು ಹಿಂದಿನ ಬಾಗಿಲು ತೆಗೆದು ಕುಂತು, ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು, "ಒಟಿಪಿ 4412. ಎಸಿ ಹಾಕ್ರಿ" ಅಂದನಂತೆ. ದತ್ಯಾ ತಿರುಗಿ ನೋಡಿದರೆ, "ಬೇಗ ನಡೀರಿ, ಫ್ಲೈಟ್ ಐತಿ" ಅಂತ ಬೇರೆ ಜಬರಿಸಿದ್ದ.

"ಬಸ್ಯಾನ ಗಾಡಿ ಒಳಗ ಹಂಗ ಯಾರರೇ ಬಂದು ಕುಂಡ್ರತಾರೇನು?" ಅಂದ ದತ್ಯಾ, ಈಗಲೂ ಗಾಯ ಹಸಿ ಇರುವವನಂತೆ. "ಮೂವತ್ತ ವರ್ಷದ ಹಿಂದ ಡಿಕ್ಕಿ ಇದ್ದ ಗಾಡಿ ಓಣ್ಯಾಗ ಬಂದ್ರ ಡಾಕ್ಟರು ಬಂದ್ರೋ ಡಿಸಿ ಬಂದ್ರೋ ಅಂತ ಹೆಂಗಸರು ಸೆರಗು ಸರಿ ಮಾಡ್ಕೋತಿದ್ರು. ಈಗ ಡಿಕ್ಕಿ ಅಂದ್ರ ಬಾಡಿಗಿ ಗಾಡಿ. 'ಧಾರವಾಡ ಒಂದು, ಧಾರವಾಡ ಒಂದು.'"

"ಡಿಕ್ಕಿ ಉಪಯೋಗರೇ ಏನಲೇ? ನಮ್ಮದರಾಗೂ ಹಿಂದ ಜಾಗಾ ಐತಿ."

"ಬ್ಯಾಡಗಿ ಮೆಣಸಿನಕಾಯಿ ಹಾಕಿಕೊಂಡು ಬಂದೀಯೇನು?"

ಬಸ್ಯಾ ಸುಮ್ಮನಾದ. ತಂದಿದ್ದ. ಹೋದ ಫೆಬ್ರವರಿಯಲ್ಲಿ ಎರಡು ಚೀಲ. ಅಂಥ ಗಾಡಿಯಲ್ಲಿ ಹಿಂದಿನ ಸೀಟಿಗೂ ಸಾಮಾನಿನ ಜಾಗಕ್ಕೂ ನಡುವೆ ಗೋಡೆ ಇರುವುದಿಲ್ಲ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಹಿಂದಿನವರು ಸೀನತೊಡಗಿದರು, ಹಾವೇರಿಗೆ ಮುಂದಿನವರು. ಶಿಗ್ಗಾವಿಯಲ್ಲಿ ಗಾಡಿ ನಿಲ್ಲಿಸಿ ನಾಲ್ಕೂ ಬಾಗಿಲು ತೆಗೆದು ಮನೆಮಂದಿಯೆಲ್ಲ ರಸ್ತೆಯ ಬದಿ ಅಳುತ್ತ ನಿಂತಾಗ, ಏನೋ ಅನಾಹುತವಾಗಿದೆಯೆಂದು ಲಾರಿಯವರು ಇಳಿದು ನೀರು ಕೊಟ್ಟರು.

"ಡಿಕ್ಕಿ ಅಂದ್ರ ಬ್ಯಾರೆ ಖೋಲಿ," ಅಂದ ದತ್ಯಾ. "ಅದಕ್ಕ ಬಾಗಿಲ, ಗ್ವಾಡಿ ಎಲ್ಲಾ ಸ್ವತಂತ್ರ. ನೀವು ಅಡಿಗಿಮನಿ ಗ್ವಾಡಿ ಒಡದು ಹಾಲ್‌ಗೆ ಕೂಡಿಸಿದಂಗ ಅದನ್ನ ಕೂಡಿಸಿಬಿಟ್ರಿ, ಈಗ ವಗ್ಗರಣಿಗೆ ಸೀನ್ತೀರಿ. ಮ್ಯಾಲ ಬೆಳಕಿಂಡಿ ಬ್ಯಾರೆ! ಹುಬ್ಬಳ್ಳಿ ಧೂಳಿಗೆ ಅಂಜಿ ಮನಿ ಕಿಡಕಿ ತಗಿಯೂದಿಲ್ಲ ನೀನು, ಕಾರಿನ ಮಾಳಗಿಗೆ ಬೆಳಕಿಂಡಿ ಇಡಿಸಿಕೊಂಡೀ."

"ಮೊಮ್ಮಗ ಬೇಕಂದ."

"ಮೊಮ್ಮಗ ಇವತ್ತು ಬೆಳಕಿಂಡಿ ಅಂದ, ನಾಳೆ ಹಿತ್ತಲ ಅಂತಾನ."

ಅಷ್ಟರಲ್ಲಿ ರಜಾಕ್ ಬಂದ. ಗೋಕುಲ ರೋಡಿನ ಗ್ಯಾರೇಜು ಮುಚ್ಚಿ ಮನೆಗೆ ಹೋಗುವಾಗ ಇಲ್ಲೊಂದು ಅರ್ಧ ಚಹಾ ಅವನ ರೂಢಿ. ದತ್ಯಾ ಅವನನ್ನು ಸಾಕ್ಷಿ ಕಟ್ಟೆಗೆ ಎಳೆದ. "ನೀ ಹೇಳೋ ರಜಾಕ್, ನನ್ನ ಗಾಡಿ ಹೆಂಗದ?"

"ಅದರ ಹೆಸರ ತಗೀಬ್ಯಾಡ್ರಿ ದತ್ತಣ್ಣಾರ, ನನ್ನ ಹೊಟ್ಟಿ ಮ್ಯಾಲ ಹೊಡದೈತ್ರಿ ಅದು. ಹತ್ತು ವರ್ಷ ಆತು ನನ್ನ ಕಡೆ ಬರಾಕ ಹತ್ತಿ. ಬ್ಯಾಟ್ರಿ, ಬ್ರೇಕ್ ಪ್ಯಾಡ್, ಎಣ್ಣಿ, ಟಾಯರು. ಇಷ್ಟ. ಒಂದರೇ ದೊಡ್ಡ ಕೆಲಸ ಕೊಟ್ಟೈತೇನ್ರಿ? ನನ್ನ ಹುಡುಗ್ರು ಅದರ ಇಂಜಿನ್ ಬಿಚ್ಚಿದ್ದ ಇಲ್ಲ. ಕಲಿಯೂದು ಹೆಂಗ್ರಿ?"

"ನೋಡ್ರಿ ಸರ್, ಇದ ಅದರ ಜಾತಕದಾಗಿನ ದೋಷ," ಅಂದ ದತ್ಯಾ. "ಕೆಡೂದಿಲ್ಲ. ಕೆಡದ ಗಾಡಿಗೆ ಕಥಿ ಇರೂದಿಲ್ಲ. ಘಾಟಿನಾಗ ಕೆಟ್ಟು ನಿಂತು, ರಾತ್ರಿ ಎಲ್ಲಾ ನೂಕಿ, ಡಾಬಾದಾಗ ಮಲಗಿ ಬಂದವ ವರ್ಷಗಟ್ಟಲೆ ಹೇಳತಾನ. ನಾ ಏನು ಹೇಳ್ಲಿ? ಕೀಲಿ ತಿರುವಿದೆ, ಚಾಲೂ ಆತು, ಹೋದೆ, ಬಂದೆ. ಹದಿನೈದು ವರ್ಷ ಮುಗದು 2023ರಾಗ ಮತ್ತ ಪಾಸಿಂಗ್ ಮಾಡಿಸಿದೆ. ಮೊದಲ 600 ರೂಪಾಯಿ ಇದ್ದದ್ದು 5000 ಆಗಿತ್ತು, ಕೊಟ್ಟೆ. ಮುಂದ? ಏನೂ ಆಗಲಿಲ್ಲ. ಮನ್ಯಾಗ ಹಿರೇ ಮಗ ಇರ್ತಾನಲ್ಲ, ನೌಕರಿ ಹಿಡದು, ತಂಗಿ ಲಗ್ನ ಮಾಡಿ, ಅಪ್ಪನ ಔಷಧ ತಂದು, ಬಾಯಿ ತಗಿಯದಾಂವ. ಮಾತು ಯಾರದು ಮನ್ಯಾಗ? ದುಬೈದಿಂದ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಬಂದ ಸಣ್ಣಾಂವಂದು."

ಬಸ್ಯಾ ಮನೆಯಲ್ಲಿ ಹಿರಿಮಗ. ಅವನು ಒಂದು ಕ್ಷಣ ತನ್ನ ಗಾಡಿಯ ಕಡೆ ನೋಡಿದ, ಆಮೇಲೆ ಕೆರೆಯ ಕಡೆ.

"ಈಗೀಗ ಡಿಕ್ಕಿ ಗಾಡಿನೂ ಎತ್ತರ ಮಾಡ್ಯಾರ್ರಿ," ಅಂದ ರಜಾಕ್, ಸಮಾಧಾನ ಹೇಳುವವನಂತೆ. "ಸ್ಲಾವಿಯಾ, ವರ್ಟಸ್ ಅದಾವಲ್ರಿ, ನೆಲದಿಂದ 179 ಮಿಲಿಮೀಟರ್."

"ಕನ್ಯಾದವರು ಬರ್ತಾರಂತ ಎತ್ತರ ಹಿಮ್ಮಡದ ಬೂಟ್ ಹಾಕಿಕೊಂಡಾವ," ಅಂದ ದತ್ಯಾ. "ಪಾಪ, ಲಗ್ನದ ದಿನ ಮಂಟಪದಾಗ ಬೂಟ್ ಬಿಚ್ಚಬೇಕಾಗ್ತದಲ್ಲ!"

ನಕ್ಕೆವು. ಚಿಗರಿ ಬಸ್ಸೊಂದು ತನ್ನ ಸ್ವಂತ ದಾರಿಯಲ್ಲಿ ಸರ್ರನೆ ಹೋಯಿತು. ಪಾಟೀಲ ಸರ್ ಕನ್ನಡಕ ಒರೆಸುತ್ತ, "ಅಲ್ಲ ದತ್ತಾ, ಇಷ್ಟ ಚೊಲೊ ಗಾಡಿ ಮಾರಾಕ ಯಾಕ ಹೊಂಟಿ?" ಅಂದರು.

ಬ್ಯಾಂಕಿನವರ ಪ್ರಶ್ನೆ. ಎರಡು ತಾಸಿನಿಂದ ಯಾರಿಗೂ ಹೊಳೆದಿರಲಿಲ್ಲ.

ದತ್ಯಾ ಮಿರ್ಚಿಯ ಪ್ಲೇಟಿನಲ್ಲಿ ಉಳಿದ ತುಂಬುಗಳನ್ನು ಸಾಲಾಗಿ ಜೋಡಿಸಿದ. "ನಿಮ್ಮ ವೈನಿ ಮೊಣಕಾಲು," ಅಂದ. "ಕುಂಡ್ರೂದೇನೋ ಕುಂಡ್ರತಾಳ, ಏಳ್ಲಿಕ್ಕೆ ಆಗೂದಿಲ್ಲ. ಹೋದ ತಿಂಗಳು ಗದಗಿಗೆ ಮದವಿಗೆ ಹೋದ್ವಿ. ಕಾರ್ಯಾಲಯದ ಬಾಗಿಲದಾಗ ಎಲ್ಲಾರ ಮುಂದ ಇಬ್ಬರು ಹುಡುಗ್ರು ಕೈ ಹಿಡದು ಜಗ್ಗಿ ಎಬ್ಬಿಸಿದ್ರು. ಸೀರಿ ನಿರಿಗಿ ಸರಿ ಮಾಡ್ಕೊಂಡು ಒಳಗ ಹೋದ್ಲು. ಬರ್ತ ಹಾದ್ಯಾಗ ಏನರೇ ಅಂತಾಳ ಅಂತ ಅಣ್ಣಿಗೇರಿ ತನಕಾ ಕಾದೆ. ಅನ್ನಲಿಲ್ಲ. ಆಮ್ಯಾಲ ಪುಣೇಕ ಹೋಗೂ ಮಾತು ಬಂದ್ರ 'ರೈಲಿಗೆ ಹೋಗೂಣಂತ' ಅನ್ಲಿಕ್ಕೆ ಹತ್ಯಾಳ. ಆ ಗಾಡಿ ಬಂದ ದಿನ ಟೆಂಗಿನಕಾಯಿ ಒಡದಾಕಿ ಅಕಿ."

ಬಸ್ಯಾ ಮೆಲ್ಲಗೆ, "ನಮ್ಮ ಮನ್ಯಾಕೀದೂ ಅದ ಮೊಣಕಾಲ. ಬೆಳಕಿಂಡಿ ಮೊಮ್ಮಗಂದು, ಎತ್ತರ ಅಕೀದು," ಅಂದ.

ಇದನ್ನು ಮೊದಲೇ ಹೇಳಿದ್ದರೆ ಒಂದು ಪ್ಲೇಟು ಮಿರ್ಚಿ ಉಳಿಯುತ್ತಿತ್ತು.

ಕತ್ತಲಾಗುತ್ತಿತ್ತು. ದತ್ಯಾ ಸಪ್ತಾಪುರಕ್ಕೆ ಹೋಗಬೇಕು. ನಾವೂ ಅವನ ಗಾಡಿಯ ತನಕ ಹೋದೆವು. ಬಾಗಿಲು ತೆಗೆದು, ಚೌಕಟ್ಟು ಹಿಡಿದು, "ಯವ್ವಾ" ಅಂತ ಒಳಗೆ ಕುಸಿದ. ಕೀಲಿ ತಿರುವಿದ. ಏನೂ ಕೇಳಿಸದೆ ಮತ್ತೆ ತಿರುವಲು ಹೋದಾಗ ರಜಾಕ್ ತಡೆದ. "ಚಾಲೂ ಐತ್ರಿ."

ಅಷ್ಟೊತ್ತಿಗೆ ಒಬ್ಬ ಅಜ್ಜ, ಒಬ್ಬಾಕೆ ಅಜ್ಜಿ, ನಡುವೆ ಒಂದು ಚೀಲ. ಅಜ್ಜ ಬಗ್ಗಿ ಕಾಚು ತಟ್ಟಿದ. "ಧಾರವಾಡೇನ್ರಿ? ಜುಬಿಲಿ ಸರ್ಕಲ್‌ಗೆ ಎಷ್ಟ ತಗೋತೀರಿ?"

ನಾವು ಉಸಿರು ಹಿಡಿದೆವು. ದತ್ಯಾ ಅಜ್ಜನ ಮುಖ ನೋಡಿದ, ಚೀಲ ನೋಡಿದ. ಚೀಲದಿಂದ ಘಾಟು ಬರುತ್ತಿತ್ತು. ಒಳಗಿನ ಸನ್ನೆ ಎಳೆದ. ಡಿಕ್ಕಿ ತಾನಾಗಿ ಮೇಲೆದ್ದಿತು.

"ಒಳಗ ಇಡ್ರಿ ಅಜ್ಜಾರ. ಸೀನು ಬರೂದಿಲ್ಲ."

ಚೀಲ ಹೋಯಿತು, ಇನ್ನೂ ಮೂರು ಹಿಡಿಯುವಷ್ಟು ಜಾಗ ಉಳಿಯಿತು. ಅದನ್ನು ಬಸ್ಯಾ ನೋಡಿದನೋ ಇಲ್ಲವೋ ಎಂದು ದತ್ಯಾ ಕನ್ನಡಿಯಲ್ಲಿ ಖಾತ್ರಿ ಮಾಡಿಕೊಂಡ. ಅಜ್ಜಿ ಸರಕ್ಕನೆ ಜಾರಿ ಆ ಬದಿಗೆ ಹೋದಳು. ಅಜ್ಜ ಧೋತರ ಎತ್ತಿ ಹಿಡಿದು, ಪಡಸಾಲೆಯಲ್ಲಿ ಊಟಕ್ಕೆ ಕುಂಡ್ರುವವನಂತೆ ಎಲ್ಲೂ ಕೈ ಊರದೆ ಕುಂತ. ಚಪ್ಪಲಿ ಹೊರಗೆ ಬಿಟ್ಟದ್ದು ನೆನಪಾಗಿ ಅಷ್ಟೇ ಸಲೀಸಾಗಿ ಎದ್ದು, ತೊಗೊಂಡು, ಮತ್ತೆ ಕುಂತ.

ಪಾಟೀಲ ಸರ್‌ಗೆ ತಡೆಯಲಾಗಲಿಲ್ಲ. "ಅಜ್ಜಾರ, ಗಾಡಿ ಭಾಳ ತಳಕ್ಕ ಅನಸೂದಿಲ್ಲೇನ್ರಿ?"

"ತಳಕ್ಕ?" ಅಜ್ಜ ಸೀಟು ಒತ್ತಿ ನೋಡಿದ. "ನೆಲಕ್ಕಿಂತ ಎತ್ತರ ಐತಲ್ರಿ."

ಗಾಡಿ ಹೊರಟಿತು. ದೊಡ್ಡ ರಸ್ತೆ ಸೇರುವ ಕಡೆ ಹಂಪ್ ಬಂದಾಗ ಎಂದಿನಂತೆ ಅಡ್ಡ ತಿರುಗಿತು. ಮೊದಲನೆಯ ಗಾಲಿ ದಾಟಿತು, ಎರಡನೆಯದು ದಾಟಿತು. ಹಿಂದೆ ಇಬ್ಬರು, ಡಿಕ್ಕಿಯಲ್ಲಿ ಚೀಲ. ಪರ್ರ್ ಅಂದಿತು.

ರಜಾಕ್ ಚಹಾದ ಗ್ಲಾಸು ಕೆಳಗಿಟ್ಟು ಕಿವಿ ನಿಮಿರಿಸಿದ.

"ಸೈಲೆನ್ಸರ್ ಇರಬೇಕ್ರಿ," ಅಂದ. ಹತ್ತು ವರ್ಷದಲ್ಲಿ ಅವನ ಮುಖದಲ್ಲಿ ಅಂಥ ಹೊಳಪು ನಾವು ನೋಡಿರಲಿಲ್ಲ.