57 ಅಡಿ ನ್ಯಾರೋಬೋಟ್‌ನ ತೂಕ ಕಂಡುಹಿಡಿಯುವುದು ಹೇಗೆ?

ದೋಣಿಮನೆ57

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗಂಡ ನಾಲ್ಕು ವರ್ಷದಿಂದ ಇಂಗ್ಲೆಂಡಿನ ಬ್ರಾನ್‌ಸ್ಟನ್ ಹತ್ತಿರ ನ್ಯಾರೋಬೋಟ್‌ನಲ್ಲೇ ವಾಸವಾಗಿದ್ದೇವೆ. ನೋಡಿಲ್ಲದವರಿಗೆ ಹೇಳುವುದಾದರೆ, ಇದು ಇಲ್ಲಿನ ಕಾಲುವೆಗಳಲ್ಲಿ ಓಡುವ ಉದ್ದನೆಯ ಉಕ್ಕಿನ ದೋಣಿ. ಏಳು ಅಡಿ ಅಗಲದ ಲಾಕ್‌ಗಳಲ್ಲಿ (ನೀರು ತುಂಬಿ, ಖಾಲಿ ಮಾಡಿ ದೋಣಿಯನ್ನು ಏರಿಸುವ, ಇಳಿಸುವ ಗೇಟಿನ ತೊಟ್ಟಿಗಳು) ತೂರಬೇಕು, ಅದಕ್ಕೇ ಅಗಲ ಬರೀ 6 ಅಡಿ 10 ಇಂಚು. ನಮ್ಮದು 57 ಅಡಿ ಉದ್ದ.

ಗಂಡನಿಗೆ ಲ್ಯಾಂಕಾಸ್ಟರ್‌ನಲ್ಲಿ ಕೆಲಸ ಸಿಕ್ಕಿದೆ. ಜನವರಿಯಲ್ಲಿ ಸೇರಬೇಕು. ಬೇರೆ ಕಾಲುವೆಗಳಿಂದ ಅಲ್ಲಿನ ಕಾಲುವೆಗೆ ನೀರಿನ ದಾರಿ ಒಂದೇ, 2002ರಲ್ಲಿ ತೆರೆದ ರಿಬಲ್ ಲಿಂಕ್ ಎಂಬ ಜಲಮಾರ್ಗ. ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ. ಹಾಗಾಗಿ ಕ್ರೇನ್‌ನಲ್ಲಿ ಎತ್ತಿಸಿ ಲಾರಿಯಲ್ಲಿ ಸಾಗಿಸಬೇಕು. ಕ್ರೇನಿನವರೂ ಲಾರಿಯವರೂ ಮೊದಲು ಕೇಳಿದ್ದು ಒಂದೇ, ತೂಕ ಎಷ್ಟು?

ಕೊಂಡಾಗ ಸಿಕ್ಕ ಕಾಗದದಲ್ಲಿ 14 ಟನ್ ಎಂದಿದೆ. ಆದರೆ ಅದನ್ನು ಬರೆದ ಮೇಲೆ ಹಳೆಯ ಮಾಲೀಕರು ದೋಣಿ ಸ್ಥಿರವಾಗಿ ನಿಲ್ಲಲೆಂದು ನೆಲದಡಿ ಇನ್ನಷ್ಟು ಕಾಂಕ್ರೀಟ್ ಚಪ್ಪಡಿ ಹಾಕಿಸಿದ್ದಾರೆ. ಎಷ್ಟು ಹಾಕಿಸಿದರೋ ಅವರಿಗೇ ನೆನಪಿಲ್ಲ. ಇದು ನಮ್ಮ ಮನೆ. ಮಗಳ ತೊಟ್ಟಿಲು ಕೂಡ ಅದರೊಳಗೇ ಇದೆ. ಸುಮ್ನೆ ಒಂದು ಅಂಕಿ ಹೇಳಿ ಎತ್ತಿಸಲು ನನಗೆ ಧೈರ್ಯವಿಲ್ಲ. ಮನೆಯಲ್ಲಿರುವ ಟೇಪು, ಕೋಲು ಇಟ್ಟುಕೊಂಡು ಏನಾದರೂ ಮಾಡಬಹುದಾ?

ಮೈಸೂರು ಟು ಮಿಡ್‌ಲ್ಯಾಂಡ್ಸ್

ಇಲ್ಲಿ ಜನ ಹೇಳುವ ಬಾಯಿಲೆಕ್ಕ, ಮೂರು ಅಡಿಗೆ ಒಂದು ಟನ್. ನಿಮ್ಮದು 19 ಆಯಿತು. ಸ್ವಲ್ಪ ಜಾಸ್ತಿ ಹೇಳಿದರೆ ಒಳ್ಳೆಯದೇ ಅಲ್ವಾ?

ಕ್ರೇನ್ ಕೆಲಸ

14ಕ್ಕೂ 19ಕ್ಕೂ ಐದು ಟನ್ ವ್ಯತ್ಯಾಸ. ಅದು ಸಣ್ಣದಲ್ಲ. 50 ಟನ್ ಕ್ರೇನ್ ಎಂದರೆ ಎಲ್ಲಿ ಚಾಚಿದರೂ 50 ಟನ್ ಎತ್ತುತ್ತದೆ ಎಂದಲ್ಲ. ತನ್ನ ಬುಡದ ಹತ್ತಿರ ಮಾತ್ರ. ತೋಳು ದೂರ ಹೋದಂತೆ ಶಕ್ತಿ ಬೇಗ ಇಳಿಯುತ್ತದೆ. ದಡದಿಂದ ದೋಣಿಯ ನಡುಮಧ್ಯಕ್ಕೆ ಎಷ್ಟು ಮೀಟರ್ ಎಂಬುದನ್ನೂ ಅಳೆದು ಕೊಡಿ. ತೂಕ ಕಡಿಮೆ ಹೇಳಿದರೆ ಅಪಾಯ. ಸಿಕ್ಕಾಪಟ್ಟೆ ಜಾಸ್ತಿ ಹೇಳಿದರೆ ದೊಡ್ಡ ಕ್ರೇನಿನ ಬಾಡಿಗೆ ತೆರಬೇಕಾಗುತ್ತದೆ.

ಭದ್ರಾವತಿ ಕಬ್ಬಿಣ

ತಂಗಿ, ನಿಮ್ಮ ದೋಣಿ ದಿನವೂ ತಕ್ಕಡಿಯ ಮೇಲೇ ನಿಂತಿದೆ. ಅದು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳಿದೆಯೋ ಅದರ ತೂಕವೇ ದೋಣಿಯ ತೂಕ. ಹೈಸ್ಕೂಲಿನಲ್ಲಿ ಓದಿದ ಆರ್ಕಿಮಿಡೀಸ್ ತತ್ವವೇ. ಕಾಲುವೆಯದು ಸಿಹಿನೀರು, ಒಂದು ಘನ ಮೀಟರಿಗೆ ಒಂದು ಟನ್. ಇದಕ್ಕಿಂತ ಸುಲಭದ ಲೆಕ್ಕ ಬೇಕೇ?

ಉಕ್ಕಿನ ತಗಡುಗಳ ತೂಕ ಕೂಡಿಸಲು ಹೋಗಬೇಡಿ. ನಾನು ಆ ಕಸುಬಿನವನೇ, ಆದರೂ ಬೇಡ ಎನ್ನುತ್ತೇನೆ. ತಳದ ಹಾಸು 10 ಮಿಲಿಮೀಟರ್ ದಪ್ಪ ಇದ್ದರೆ ಚದರ ಮೀಟರಿಗೆ 78.5 ಕಿಲೋ, ಅದೊಂದೇ ಸುಮಾರು ಎರಡೂವರೆ ಟನ್. ಪಕ್ಕದ್ದು 6, ಕ್ಯಾಬಿನ್ 4 ಮಿಲಿಮೀಟರ್ ಎಂದು ಕೂಡಿಸುತ್ತಾ ಹೋಗಬಹುದು. ಆದರೆ ನೆಲದಡಿಯ ಚಪ್ಪಡಿ, ಎಂಜಿನ್, ಮರ, ನಿಮ್ಮ ಪಾತ್ರೆ ಪಗಡ? ಅಲ್ಲೇ ಲೆಕ್ಕ ಕೆಡುತ್ತದೆ. ನೀರಿಗಾದರೆ ಒಳಗೆ ಏನಿದ್ದರೂ ಒಂದೇ.

ಹೀಗೆ ಮಾಡಿ. ಉದ್ದನೆಯ ಕೋಲಿನ ತುದಿಗೆ ಎಲ್ ಆಕಾರದ ಪಟ್ಟಿ ಬಿಗಿಯಿರಿ. ಅದನ್ನು ನೀರಿಗಿಳಿಸಿ ದೋಣಿಯ ತಳಕ್ಕೆ ತಾಗಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಮುಂದೆ ಮೂತಿ ಕಿರಿದಾಗಲು ಶುರುವಾಗುವ ಕಡೆ ಎಡಕ್ಕೊಂದು, ಬಲಕ್ಕೊಂದು. ಹಿಂದೆಯೂ ಹಾಗೇ. ಗಾಳಿ ಇಲ್ಲದ ಬೆಳಿಗ್ಗೆ, ಬೇರೆ ದೋಣಿ ಹಾಯದಿರುವಾಗ, ಹಗ್ಗ ಸಡಿಲ ಬಿಟ್ಟು ಅಳೆಯಿರಿ. ಕಾಲುವೆಯ ತಳದ ಕೆಸರು ತಾಗಿದ್ದರೆ ಅಳತೆ ಸುಳ್ಳಾಗುತ್ತದೆ. ನಡುವಿನ ನೇರ ಭಾಗ, ಮೂತಿ, ಹಿಂಬದಿಯ ಚೂಪು, ಮೂರರ ಉದ್ದ ಬೇರೆ ಬೇರೆ ಕೊಡಿ.

ಇದೇನೂ ನನ್ನ ಉಪಾಯವಲ್ಲ. ಹಿಂದೆ ಕಲ್ಲಿದ್ದಲು ಸಾಗಿಸುವ ದೋಣಿಗಳಿಗೆ ಸುಂಕ ಟನ್ ಲೆಕ್ಕದಲ್ಲಿತ್ತು. ಖಾಲಿ ದೋಣಿಯನ್ನು ಒಂದು ಕಟ್ಟೆಗೆ ತಂದು, ತಿಳಿದ ತೂಕವನ್ನು ಏರಿಸುತ್ತಾ, ಪ್ರತಿ ಸಲ ಅಂಚಿಗೂ ನೀರಿಗೂ ಎಷ್ಟು ಇಂಚು ಉಳಿಯಿತು ಎಂದು ಬರೆದಿಡುತ್ತಿದ್ದರು. ಆಮೇಲೆ ಸುಂಕದ ಗುಮಾಸ್ತ ಕೋಲು ಹಿಡಿದು ಆ ಒಣ ಇಂಚು ಅಳೆದು, ಪಟ್ಟಿ ನೋಡಿ ದುಡ್ಡು ಹೇಳುತ್ತಿದ್ದ. ಬರ್ಮಿಂಗ್‌ಹ್ಯಾಮ್ ಕಾಲುವೆಗಳ ಅಂಥ ಒಂದು ಕಟ್ಟೆ ಟಿಪ್ಟನ್‌ನಲ್ಲಿತ್ತು. ನನ್ನ ಮನೆಯಿಂದ ನಡೆದು ಹೋಗುವ ದೂರ. ಆ ಗುಮಾಸ್ತರ ಬಗ್ಗೆ ನನಗೆ ಬಹಳ ಗೌರವ. ಮಳೆಯಲ್ಲಿ ನಿಂತು, ಒಂದು ಕೋಲಿನಿಂದ ಹತ್ತಾರು ಟನ್ ತೂಗುತ್ತಿದ್ದರು. ವೇಲ್ಸ್‌ನ ಗ್ಲಾಮೊರ್ಗನ್‌ಶೈರ್ ಕಾಲುವೆಯಲ್ಲಾದರೋ ನೀರು ಖಾಲಿ ಮಾಡಿ ದೋಣಿಯನ್ನೇ ತೊಟ್ಟಿಲಿನಲ್ಲಿ ಕೂರಿಸಿ ತೂಗುವ ಯಂತ್ರವಿತ್ತು. ಅದು ಬಹಳ ವರ್ಷ ಸ್ಟೋಕ್ ಬ್ರೂಅರ್ನ್ ಮ್ಯೂಸಿಯಂ ಎದುರು ನಿಂತಿತ್ತು.

ದೋಣಿಮನೆ57

ಸರ್, ಇವತ್ತು ಬೆಳಿಗ್ಗೆ ಅಳೆದೆವು. ಮುಂದೆ 48 ಮತ್ತು 46 ಸೆಂಟಿಮೀಟರ್. ಹಿಂದೆ 61 ಮತ್ತು 59. ನೇರ ಭಾಗ 11.5 ಮೀಟರ್, ಮೂತಿ 2.3, ಹಿಂಬದಿ 2.6. ನೀರಿನೊಳಗಿನ ಅಗಲ ಸರಾಸರಿ 2.05 ಬಂತು.

ಭದ್ರಾವತಿ ಕಬ್ಬಿಣ

ಚೆನ್ನಾಗಿ ಅಳೆದಿದ್ದೀರಿ. ಮುಂದಿನ ಸರಾಸರಿ 47, ಹಿಂದಿನದು 60, ನಡುವೆ 53.5. ನೇರ ಭಾಗ: 11.5 × 2.05 × 0.535 = 12.61. ಮೂತಿ ಉಬ್ಬಿಕೊಂಡಿರುವುದರಿಂದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, 0.6 ಪಾಲು ಹಿಡಿದೆ: 1.33. ಹಿಂಬದಿ ಸರಿಯಾಗಿ ಅರ್ಧ: 1.60. ಒಟ್ಟು 15.54 ಟನ್. ಕ್ರೇನಿನವರಿಗೆ 16.5 ಎಂದು ಹೇಳಿ, ಲೆಕ್ಕದ ಕಾಗದವನ್ನೂ ಕೊಡಿ. ಹಿಂಬದಿ 13 ಸೆಂಟಿಮೀಟರ್ ಹೆಚ್ಚು ಮುಳುಗಿದೆ ಎಂಬುದನ್ನು ಮರೆಯದೆ ತಿಳಿಸಿ. ಭಾರ ಹಿಂದಕ್ಕಿದೆ, ಎತ್ತುವ ಪಟ್ಟಿಗಳನ್ನು ದೋಣಿಯ ಅಡಿಗೆ ಎಲ್ಲಿ ಹಾಕಬೇಕು ಎಂದು ಅವರು ಅದರಿಂದ ನಿರ್ಧರಿಸುತ್ತಾರೆ.

ಇನ್ನೊಂದು ಮಾತು. ನಿಮ್ಮ ದೋಣಿ ಒಂದು ಸೆಂಟಿಮೀಟರ್ ಇಳಿಯಿತು ಎಂದರೆ ಸುಮಾರು 290 ಕಿಲೋ ಏರಿದೆ ಎಂದರ್ಥ. ಕೋಲು ಇಟ್ಟುಕೊಂಡಿರಿ.

ದೋಣಿಮನೆ57

ನಿನ್ನೆ ಎತ್ತಿದರು! ಹಗ್ಗ, ಕಂಬಿಗಳ ಭಾರ ಕಳೆದು ಕ್ರೇನಿನ ಮಾಪಕ 15.9 ಟನ್ ತೋರಿಸಿತು. ಅಳೆದ ಮೇಲೆ ನೀರಿನ ಟ್ಯಾಂಕಿಗೆ 300 ಲೀಟರ್ ತುಂಬಿಸಿದ್ದೆವು, ಅದನ್ನು ಸೇರಿಸಿದರೆ ನಿಮ್ಮ ಲೆಕ್ಕ 15.84. ಮಾಪಕ ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಸರ್, ತುಂಬಾ ಧನ್ಯವಾದ. ಲ್ಯಾಂಕಾಸ್ಟರ್ ಕಡೆ ಬಂದರೆ ಊಟಕ್ಕೆ ನಮ್ಮ ದೋಣಿಗೇ ಬರಬೇಕು. ಕೋಲು ಒಲೆಯ ಪಕ್ಕದಲ್ಲೇ ಇಟ್ಟಿದ್ದೇನೆ.