ಸೊಂಟ ಕೈಕೊಟ್ಟ ಮೇಲೆ ಮತ್ತೆ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರದ ಬಾರ್ ಎತ್ತೋದು) ಮಾಡಿದವರು ಇದ್ದೀರಾ?

ಅರ್ಧಕ್ಕೆ ನಿಂತ ಬಾರ್:

ವಯಸ್ಸು 34. ಆರು ವರ್ಷದಿಂದ ಭಾರ ಎತ್ತುತ್ತಿದ್ದೇನೆ. ಹತ್ತು ವಾರದ ಹಿಂದೆ ಡೆಡ್‌ಲಿಫ್ಟ್ ಮಾಡುವಾಗ ಸೊಂಟದಲ್ಲಿ ಚಳಕ್ ಅಂತು. ನಾಚಿಕೆ ಏನಂದ್ರೆ ಅದು 150 ಕಿಲೋ ಸೆಟ್ ಅಲ್ಲ, ವಾರ್ಮಪ್‌ಗೆ ಅಂತ ಹಾಕಿಕೊಂಡಿದ್ದ 70 ಕಿಲೋ. ಬಾರ್ ಕೆಳಗಿಟ್ಟೆ, ನೆಟ್ಟಗೆ ನಿಲ್ಲೋಕೆ ಆಗಲಿಲ್ಲ. ಮಾರನೇ ದಿನದಿಂದ ನೋವು ಬಲಗಾಲಿಗೆ ಇಳಿಯಿತು. ಪಿರ್ರೆಯಿಂದ ಮೀನಖಂಡದವರೆಗೆ ಎಳೆತ, ಪಾದದ ಕಿರುಬೆರಳ ಕಡೆ ಜೋಮು.

ಎಂಆರ್‌ಐ ಮಾಡಿಸಿದೆ. ಎಲ್‌5-ಎಸ್‌1 ಡಿಸ್ಕ್ (ಸೊಂಟದ ತೀರಾ ಕೆಳಗೆ, ಎರಡು ಮೂಳೆಗಳ ನಡುವಿನ ಮೆತ್ತೆ) ಹೊರಗೆ ಚಾಚಿ ನರಕ್ಕೆ ತಾಗುತ್ತಿದೆ ಅಂತ ಬಂತು. ಡಾಕ್ಟರ್ ರಿಪೋರ್ಟ್ ನೋಡಿ ‘ಇನ್ನು ಜೀವಮಾನದಲ್ಲಿ ಐದು ಕಿಲೋ ಮೇಲೆ ಎತ್ತಬೇಡಿ’ ಅಂದರು. ಜಿಮ್ ಟ್ರೇನರ್ ‘ಬೆಲ್ಟ್ ಹಾಕ್ಕೊಂಡು ಎತ್ತು ಗುರು, ಏನೂ ಆಗಲ್ಲ’ ಅಂದ. ಯಾರ ಮಾತು ಕೇಳೋದು?

ಈಗ ಕಾಲಿನ ನೋವು ಬಹುತೇಕ ಹೋಗಿದೆ. ಜಾಸ್ತಿ ಹೊತ್ತು ಕೂತರೆ ಪಿರ್ರೆ ಹಿಡಿದುಕೊಳ್ಳುತ್ತದೆ, ಬೆಳಿಗ್ಗೆ ಸಾಕ್ಸ್ ಹಾಕಿಕೊಳ್ಳೋದೇ ಒಂದು ಸಾಹಸ. ಹೋದ ವಾರ ತಡೆಯಲಾರದೆ 60 ಕಿಲೋ ಎತ್ತಿ ನೋಡಿದೆ. ಎತ್ತುವಾಗ ಏನೂ ಅನ್ನಿಸಲಿಲ್ಲ, ಆ ಖುಷಿಗೆ ಮೂರು ಸೆಟ್ ಮಾಡಿಬಿಟ್ಟೆ. ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ಹತ್ತು ನಿಮಿಷ ಬೇಕಾಯಿತು.

ಇದೇ ತೊಂದರೆ ಇದ್ದು ವಾಪಸ್ ಬಂದವರು ಹೇಗೆ ಬಂದಿರಿ ಅಂತ ಹೇಳಿ. ‘ಬಿಟ್ಟುಬಿಡು’ ಅನ್ನೋ ಉತ್ತರ ಬೇಡ, ಅದನ್ನು ಮನೆಯಲ್ಲಿ ದಿನಾ ಕೇಳುತ್ತಿದ್ದೇನೆ.

ಸುಮ್ನೆ ಓದುವವನು:

ಬೇಡ ಅಂದಿದ್ದೀರಿ, ಆದರೂ ಹೇಳುತ್ತೇನೆ. ನಮ್ಮ ಭಾವನಿಗೆ ಇದೇ ಆಗಿತ್ತು. ಒಂದು ತಿಂಗಳು ಅಲ್ಲಾಡದೆ ಮಲಗಿದ್ದರು, ಈಗ ಈಜು ಮಾತ್ರ. ಆರಾಮಾಗಿದ್ದಾರೆ. 150 ಕಿಲೋ ಎತ್ತಿ ಯಾರಿಗೆ ತೋರಿಸಬೇಕು ಹೇಳಿ?

ಎರಡು ಸಲ ಬಿದ್ದವನು:

ಯಾರಿಗೂ ತೋರಿಸೋಕಲ್ಲ ಸಾರ್, ಅವರಿಗೆ ಅದು ಇಷ್ಟ, ಅಷ್ಟೇ. ಈಜೋದು ಒಳ್ಳೇದೇ. ಆದರೆ ತಿಂಗಳುಗಟ್ಟಲೆ ಮಲಗೋ ಸಲಹೆ ಹಳೇದಾಯಿತು. ತೀರಾ ನೋವಿದ್ದರೆ ಒಂದೆರಡು ದಿನ ಮಲಗಬಹುದು, ಅದರ ಮೇಲೆ ಮಲಗಿದಷ್ಟೂ ಬೆನ್ನು ಬಿಗಿಯುತ್ತದೆ, ಕಾಲಿನ ಶಕ್ತಿ ಇಳಿಯುತ್ತದೆ.

ಈಗ ಪ್ರಶ್ನೆ ಕೇಳಿದವರಿಗೆ. ನಂದೂ ಎಲ್‌5-ಎಸ್‌1. ಹೆಸರು ನೋಡಿದರೆ ಗೊತ್ತಾಗುತ್ತಲ್ವಾ, ಎರಡು ಸಲ. ಮೊದಲನೇ ಸಲ ನೀವು ಮಾಡಿದ್ದನ್ನೇ ನಾನೂ ಮಾಡಿದೆ. ಸ್ವಲ್ಪ ಕಡಿಮೆಯಾದ ಕೂಡಲೇ ‘ಒಂದು ಸಲ ನೋಡೋಣ’ ಅಂತ ಎತ್ತೋದು, ಮೂರು ದಿನ ಮಲಗೋದು, ಮತ್ತೆ ಕಡಿಮೆಯಾದರೆ ಮತ್ತೆ ನೋಡೋದು. ಹುಣ್ಣಿನ ಹೊಪ್ಪಳೆಯನ್ನು ದಿನಾ ಕಿತ್ತು ವಾಸಿಯಾಯಿತಾ ಅಂತ ಇಣುಕಿದ ಹಾಗೆ. ಹೀಗೇ ಎಂಟು ತಿಂಗಳು ಹಾಳು ಮಾಡಿಕೊಂಡೆ. ಎರಡನೇ ಸಲ ಬುದ್ಧಿ ಬಂತು, ಐದು ತಿಂಗಳಲ್ಲಿ ಬಾರ್ ಹತ್ತಿರ ವಾಪಸ್ ಬಂದೆ.

ನಾನು ಮಾಡಿದ್ದು ಹೇಳುತ್ತೇನೆ. ನಿಮಗೆ ಹೊಂದದೆಯೂ ಇರಬಹುದು.

ಮೊದಲು ಬೆಳಿಗ್ಗೆಯ ವಿಷಯ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಊದಿರುತ್ತವೆ. ಬೆಳಿಗ್ಗೆ ನಾವು ಒಂದು ಸೆಂಟಿಮೀಟರ್‌ನಷ್ಟೋ ಸ್ವಲ್ಪ ಜಾಸ್ತಿಯೋ ಎತ್ತರ ಇರೋದು ಅದಕ್ಕೇ. ಆ ಹೊತ್ತಲ್ಲಿ ಬಗ್ಗಿದರೆ ಡಿಸ್ಕ್ ಮೇಲೆ ಒತ್ತಡ ಜಾಸ್ತಿ. ಹಾಗಾಗಿ ಎದ್ದ ಮೊದಲ ಒಂದು ಗಂಟೆ ಬಗ್ಗೋದನ್ನೇ ಬಿಟ್ಟೆ. ಸಾಕ್ಸ್ ಆಮೇಲೆ, ಮುಖ ತೊಳೆಯುವಾಗ ಒಂದು ಕೈ ಸಿಂಕ್ ಮೇಲೆ. ಸೊಂಟ ಬಗ್ಗಿಸಿ ಮಾಡೋ ಸ್ಟ್ರೆಚ್ ಕೂಡ ಬೆಳಿಗ್ಗೆ ಬೇಡ. ನನಗೆ ಅರ್ಧ ನೋವು ಹೋಗಿದ್ದು ಬರೀ ಇದರಿಂದ, ನಂಬಿ.

ಆಮೇಲೆ ನಡಿಗೆ. ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಜೊತೆಗೆ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿದ್ದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಹೇಳಿಕೊಡುವ ಮೂರು ವ್ಯಾಯಾಮ: ಕರ್ಲ್-ಅಪ್, ಸೈಡ್ ಬ್ರಿಜ್, ಬರ್ಡ್-ಡಾಗ್. ಒಂದೊಂದು ಹಿಡಿತ ಹತ್ತು ಸೆಕೆಂಡ್. ನೋಡೋಕೆ ಮಕ್ಕಳಾಟದ ಹಾಗಿದೆ, ಸರಿಯಾಗಿ ಮಾಡಿದರೆ ಬೆವರು ಕಿತ್ತು ಬರುತ್ತದೆ.

ಜಿಮ್ ಬಿಡಲಿಲ್ಲ. ಸೊಂಟದ ಮೇಲೆ ಹೊರೆ ಬೀಳದ್ದೆಲ್ಲ ಮಾಡಿದೆ. ಎದೆ ಬೆಂಚಿಗೆ ಒರಗಿಸಿ ರೋ, ಲ್ಯಾಟ್ ಪುಲ್‌ಡೌನ್, ಹಗುರ ಡಂಬೆಲ್ ಹಿಡಿದು ಸ್ಪ್ಲಿಟ್ ಸ್ಕ್ವಾಟ್. ಲೆಗ್ ಪ್ರೆಸ್ ಸೇಫ್ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಮಂಡಿ ಜಾಸ್ತಿ ಮಡಚಿದರೆ ಸೊಂಟ ಸೀಟಿನಿಂದ ಮೇಲೆದ್ದು ಸುತ್ತಿಕೊಳ್ಳುತ್ತದೆ, ನನಗೆ ಅದೇ ಉರಿ ಹಚ್ಚಿತು. ಮೂರನೇ ತಿಂಗಳಿಂದ ಕೋಲು ಬೆನ್ನಿಗೆ ಹಿಡಿದು (ತಲೆ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ ಮೂರೂ ತಾಗಬೇಕು) ಸೊಂಟ ಹಿಂದಕ್ಕೆ ತಳ್ಳಿ ಬಗ್ಗೋದನ್ನು ಹೊಸದಾಗಿ ಕಲಿತೆ. ಆಮೇಲೆ ಟ್ರ್ಯಾಪ್ ಬಾರ್ (ಚೌಕಟ್ಟಿನ ಹಾಗಿದ್ದು, ನಡುವೆ ನಿಂತು ಎತ್ತೋ ಬಾರ್), ಎತ್ತರದ ಹಿಡಿಕೆ ಹಿಡಿದು. ಭಾರ ಮೈಗೆ ಹತ್ತಿರ ಇರೋದರಿಂದ ಸೊಂಟಕ್ಕೆ ಹೊರೆ ಕಡಿಮೆ. ವಾರಕ್ಕೆ ಐದು ಕಿಲೋಗಿಂತ ಜಾಸ್ತಿ ಏರಿಸಲಿಲ್ಲ. ನೇರ ಬಾರ್ ಕೊನೆಗೆ ಬಂದಿದ್ದು, ಅದೂ ನೆಲದಿಂದಲ್ಲ, ಬ್ಲಾಕ್ ಮೇಲಿಂದ.

ಬೆಲ್ಟ್ ವಿಷಯ: ಅದು ಉಸಿರು ಬಿಗಿಹಿಡಿದು ಹೊಟ್ಟೆ ಒತ್ತೋಕೆ ಆನಿಕೆ ಕೊಡುತ್ತದೆ, ಡಿಸ್ಕ್ ರಿಪೇರಿ ಮಾಡಲ್ಲ. ನಿಮ್ಮ ಟ್ರೇನರ್‌ಗೆ ಇದನ್ನು ಹೇಳಿ ಪ್ರಯೋಜನ ಇಲ್ಲ, ಬಿಡಿ.

ಇನ್ನೊಂದು, ಅಡ್ಡ ಮಾತು. ಲಮಾರ್ ಗ್ಯಾಂಟ್ ಅಂತ ಒಬ್ಬರು ಪವರ್‌ಲಿಫ್ಟರ್. ಬೆನ್ನು ಚೆನ್ನಾಗಿದ್ದವರಲ್ಲ, ಬೆನ್ನುಮೂಳೆ ಪಕ್ಕಕ್ಕೆ ತೀರಾ ಬಾಗಿತ್ತು. 1985ರಲ್ಲಿ ಸುಮಾರು 60 ಕಿಲೋ ಮೈತೂಕದಲ್ಲಿ 300 ಕಿಲೋ ಡೆಡ್‌ಲಿಫ್ಟ್ ಮಾಡಿದರು. ನಿಮಗೂ ಆಗುತ್ತೆ ಅಂತಲ್ಲ. ಎಕ್ಸ್‌ರೇಯಲ್ಲಿ ಬೆನ್ನು ಸೊಟ್ಟಗೆ ಕಂಡ ಮಾತ್ರಕ್ಕೆ ಅವನ ಕೈಲಿ ಏನೂ ಆಗಲ್ಲ ಅಂತ ಬರೆದುಬಿಡಬಾರದು, ಅಷ್ಟೇ.

ದಿನಾ ಬೆನ್ನು ನೋಡುವವಳು:

ನಾನು ಫಿಸಿಯೋ. ಮೇಲಿನವರು ಹೇಳಿದ್ದರಲ್ಲಿ ಹೆಚ್ಚಿನದು ಸರಿ ಇದೆ. ಕೆಲವು ಸೇರಿಸುತ್ತೇನೆ, ಒಂದಕ್ಕೆ ತಕರಾರು.

ಎಂಆರ್‌ಐ ಕಾಗದಕ್ಕೆ ಅಷ್ಟೊಂದು ಹೆದರಬೇಡಿ. ಬೆನ್ನು ನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ಲೆಕ್ಕ 2015ರಲ್ಲಿ ಬಂದಿತ್ತು. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 30 ಜನಕ್ಕೆ ಡಿಸ್ಕ್ ಉಬ್ಬಿತ್ತು, ಐವತ್ತರ ಹೊತ್ತಿಗೆ 60. ನಿಮ್ಮದು ಬರೀ ಉಬ್ಬಲ್ಲ, ನರಕ್ಕೆ ತಾಗಿದೆ, ಕಾಲಿಗೂ ಇಳಿದಿತ್ತು, ಹಾಗಾಗಿ ಸ್ಕ್ಯಾನ್ ಸುಳ್ಳು ಅಂತ ಹೇಳುತ್ತಿಲ್ಲ. ಆದರೆ ಹೊರಗೆ ಬಂದ ಡಿಸ್ಕ್ ತಿಂಗಳುಗಳಲ್ಲಿ ಕುಗ್ಗಬಹುದು. ವಿಚಿತ್ರ ಅಂದ್ರೆ ಜಾಸ್ತಿ ಹೊರಗೆ ಬಂದು ತುಂಡಾದದ್ದನ್ನೇ ದೇಹ ಚೆನ್ನಾಗಿ ಕರಗಿಸಿಕೊಳ್ಳುತ್ತದೆ.

ನೋವು ಮೀನಖಂಡದಿಂದ ಪಿರ್ರೆಗೆ ಹಿಂದೆ ಸರಿದಿದೆಯಲ್ಲ, ಅದು ಒಳ್ಳೇ ಲಕ್ಷಣ. ಕಾಲು ಬಿಟ್ಟು ಸೊಂಟದ ಕಡೆ ಬರುತ್ತಿದ್ದರೆ ಸರಿಯಾದ ದಾರಿ. ಮತ್ತೆ ಕೆಳಗೆ ಇಳಿಯೋಕೆ ಶುರುವಾದರೆ ಅವತ್ತು ಮಾಡಿದ್ದು ಜಾಸ್ತಿಯಾಯಿತು ಅಂತ. ಎತ್ತುವಾಗ ನೋವಿದೆಯಾ ಅಂತ ನೋಡಬೇಡಿ, ಮಾರನೇ ಬೆಳಿಗ್ಗೆ ಹೇಗಿದೆ ನೋಡಿ. ನೀವು 60 ಕಿಲೋ ಎತ್ತಿದಾಗ ಮೋಸ ಹೋಗಿದ್ದು ಇಲ್ಲೇ. ಹತ್ತಕ್ಕೆ ಮೂರರಷ್ಟು ನೋವು ಬಂದು ಒಂದು ದಿನದಲ್ಲಿ ಮೊದಲಿನಂತೆ ಆದರೆ ತೊಂದರೆ ಇಲ್ಲ.

ತಕರಾರು ಏನಂದ್ರೆ, ಬೆನ್ನು ಬಗ್ಗಿಸಲೇಬಾರದು ಅನ್ನೋದು ಮೊದಲ ಕೆಲವು ವಾರಕ್ಕೆ ಸರಿ, ವರ್ಷಗಟ್ಟಲೆ ಅಲ್ಲ. ನೋವು ಹೋದ ಮೇಲೂ ಬೆನ್ನಿಗೆ ಹಲಗೆ ಕಟ್ಟಿದವರ ಹಾಗೆ ಓಡಾಡುವ ಲಿಫ್ಟರ್‌ಗಳನ್ನು ಎಷ್ಟೋ ನೋಡಿದ್ದೇನೆ. ಬಗ್ಗೋದನ್ನೂ ನಿಧಾನವಾಗಿ ವಾಪಸ್ ಕಲಿಸಬೇಕು.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಪಾದ ಎತ್ತೋಕೆ ಆಗದೆ ಎಳೆದುಕೊಂಡು ನಡೆಯೋ ಹಾಗಾದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲೇ ಒಂದು ಕೆಲಸ ಮಾಡಿ. ಗೋಡೆಗೆ ಬೆರಳು ತಾಗಿಸಿಕೊಂಡು ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಎಡಗಾಲಲ್ಲಿ ಎಷ್ಟು, ಬಲಗಾಲಲ್ಲಿ ಎಷ್ಟು ಎಣಿಸಿ ಹೇಳಿ. ನಿಮ್ಮ ಡಿಸ್ಕ್ ಪಕ್ಕದ ಎಸ್‌1 ನರ ಮೀನಖಂಡಕ್ಕೆ ಹೋಗುತ್ತದೆ, ಹಿಮ್ಮಡಿ ಎತ್ತೋದು ಆ ಸ್ನಾಯುವೇ.

ಅರ್ಧಕ್ಕೆ ನಿಂತ ಬಾರ್:

ಮಾಡಿದೆ ಮೇಡಂ. ಎಡಗಾಲು 24. ಬಲಗಾಲು 11ಕ್ಕೇ ನಡುಗೋಕೆ ಶುರುವಾಯಿತು, 12ನೇದು ಅರ್ಧ. ನೋವಂತೂ ಇರಲಿಲ್ಲ, ಸುಮ್ನೆ ಶಕ್ತಿಯೇ ಇಲ್ಲ. ಇಷ್ಟು ದಿನ ಗಮನಕ್ಕೇ ಬಂದಿರಲಿಲ್ಲ.

ದಿನಾ ಬೆನ್ನು ನೋಡುವವಳು:

ಹಾಗಾದರೆ ಟ್ರ್ಯಾಪ್ ಬಾರ್ ಲೆಕ್ಕವೆಲ್ಲ ಆಮೇಲೆ. ಮೊದಲು ಯಾರಾದರೂ ಮುಟ್ಟಿ ಪರೀಕ್ಷೆ ಮಾಡಲಿ, ಈ ಎರಡು ಸಂಖ್ಯೆ ಅವರಿಗೂ ಹೇಳಿ. ವಾರಕ್ಕೊಂದು ಸಲ ಎಣಿಸಿ ಬರೆದಿಡಿ. 11 ಇದ್ದದ್ದು 13, 15 ಆಗುತ್ತಿದ್ದರೆ ನರ ಚೇತರಿಸಿಕೊಳ್ಳುತ್ತಿದೆ. 8 ಆದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

ಎರಡು ಸಲ ಬಿದ್ದವನು:

ನಾನು ಅಷ್ಟುದ್ದ ಬರೆದೆ, ಕಾಲಿನ ಶಕ್ತಿ ಕೇಳಬೇಕು ಅಂತ ಹೊಳೆಯಲೇ ಇಲ್ಲ ನೋಡಿ. ಮೇಡಂ ಹೇಳಿದಂಗೆ ಮಾಡಿ ಗುರು. ಎದೆ ಒರಗಿಸಿ ಮಾಡೋ ರೋ ಮಾತ್ರ ಆಗುತ್ತಾ ಅಂತ ಅವರನ್ನೇ ಕೇಳಿಕೊಳ್ಳಿ, ಪೂರ್ತಿ ಖಾಲಿ ಕೂತರೆ ತಲೆ ಕೆಡುತ್ತದೆ.

ಅರ್ಧಕ್ಕೆ ನಿಂತ ಬಾರ್:

ನಾಳೆ ಸಂಜೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ 24, 11 ಅಂತ ಬರೆದಿದ್ದೇನೆ. ಇದೇನು ಲಾಟರಿ ನಂಬರ್ರಾ ಅಂತ ಅಮ್ಮ ಕೇಳುತ್ತಿದ್ದಾರೆ.