ಮಾರ್ತಿನೊ ರೋಟಾನನ್ನು ನಕಲುಗಾರನೆಂದು ಕರೆಯುವುದು ಸರಿಯೇ?

ಪ್ರಶ್ನೆ:
ವೆನಿಸ್ ಆಳ್ವಿಕೆಯ ಡಾಲ್ಮೇಷಿಯಾದ (ಇಂದಿನ ಕ್ರೊಯೇಷಿಯಾದ ಕರಾವಳಿ) ಶಿಬೆನಿಕ್‌ನಲ್ಲಿ ಹುಟ್ಟಿದ ಕೆತ್ತನೆಗಾರ ಮಾರ್ತಿನೊ ರೋಟಾ ಇಟಲಿಯಲ್ಲಿದ್ದಾಗ ಮೈಕೆಲಾಂಜೆಲೊ, ಟಿಶಿಯನ್ ಮೊದಲಾದ ಚಿತ್ರಕಾರರ ಕೃತಿಗಳನ್ನು ಅಚ್ಚು ತೆಗೆಯಲೆಂದು ತಾಮ್ರದ ತಗಡಿಗೆ ಇಳಿಸಿದ. ಆಮೇಲೆ ವಿಯೆನ್ನಾದಲ್ಲಿ ಹ್ಯಾಬ್ಸ್‌ಬರ್ಗ್ ವಂಶದ ಚಕ್ರವರ್ತಿಗಳ ಆಸ್ಥಾನದಲ್ಲಿ ಭಾವಚಿತ್ರಕಾರನಾಗಿ, 1583ರಲ್ಲಿ ಅಲ್ಲಿಯೇ ತೀರಿಕೊಂಡ. ಇವೆರಡೂ ಒಬ್ಬನದೇ ವೃತ್ತಿಜೀವನವೆಂದು ನಂಬುವುದು ನನಗೆ ಕಷ್ಟವಾಗುತ್ತಿದೆ. ಪರರ ಚಿತ್ರಗಳನ್ನು ಅಚ್ಚಿಗೆ ತಂದವನನ್ನು ಆಸ್ಥಾನ ಯಾವ ಅರ್ಹತೆಯ ಮೇಲೆ ಕರೆಸಿಕೊಂಡಿತು?

ಉತ್ತರ 1:
1569ರಲ್ಲಿ ರೋಟಾ ಕೆತ್ತಿದ ‘ಅಂತಿಮ ತೀರ್ಪು’ ಚಿತ್ರವನ್ನು ದಯವಿಟ್ಟು ಹಿಗ್ಗಿಸಿ ನೋಡಿ. ವ್ಯಾಟಿಕನ್‌ನ ಸಿಸ್ಟೀನ್ ಪ್ರಾರ್ಥನಾಮಂದಿರದಲ್ಲಿ ಸುಮಾರು 14 ಮೀಟರ್ ಎತ್ತರಕ್ಕೆ ಹರಡಿರುವ, ಮುನ್ನೂರಕ್ಕೂ ಹೆಚ್ಚು ಆಕೃತಿಗಳ ಮೈಕೆಲಾಂಜೆಲೊನ ಭಿತ್ತಿಚಿತ್ರವನ್ನು ಆತ ಒಂದಡಿಯ ಆಸುಪಾಸಿನ ಎತ್ತರದ ಹಾಳೆಯಲ್ಲಿ ಹಿಡಿದಿಟ್ಟಿದ್ದಾನೆ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ, ಮೂಲದಂತೆಯೇ ಮೂಡಬೇಕೆಂದರೆ ಪ್ರತಿಯೊಂದನ್ನೂ ಕನ್ನಡಿಯಲ್ಲಿ ಕಂಡಂತೆ ಕೆತ್ತಬೇಕು; ಬಣ್ಣವೇ ಇಲ್ಲದೆ, ಉಳಿಯನ್ನು ಒತ್ತಿದಲ್ಲಿ ದಪ್ಪವಾಗುವ, ಸಡಿಲಿಸಿದಲ್ಲಿ ಸಣ್ಣಗಾಗುವ ಗೆರೆಗಳಿಂದಲೇ ಮೈಕಟ್ಟು, ನೆರಳು, ದೂರ ಎಲ್ಲವನ್ನೂ ತೋರಿಸಬೇಕು. ಇದಲ್ಲದೆ, ಮೇಲ್ಭಾಗದ ನಡುವೆ, ಮೂಲದಲ್ಲಿ ಇಲ್ಲದ ಮೈಕೆಲಾಂಜೆಲೊನ ಭಾವಚಿತ್ರವನ್ನು ರೋಟಾ ಸೇರಿಸಿದ್ದಾನೆ. ಚಿತ್ರಕಾರ ತೀರಿಕೊಂಡು ಐದು ವರ್ಷಗಳಾಗಿದ್ದ ಆ ಹೊತ್ತಿನಲ್ಲಿ ಇದೊಂದು ಗೌರವಾರ್ಪಣೆ ಎಂದೇ ನಾನು ಓದಿಕೊಳ್ಳುತ್ತೇನೆ. ಯಾಂತ್ರಿಕವಾಗಿ ನಕಲು ಮಾಡುವವನಿಗೆ ಇಂತಹ ನಿರ್ಧಾರ ಹೊಳೆಯುವುದಿಲ್ಲ.

ಉತ್ತರ 2:
ಆಸ್ಥಾನಕ್ಕೆ ಬೇಕಾಗಿದ್ದುದೂ ಈ ಕೌಶಲವೇ. ಬಣ್ಣದ ಚಿತ್ರ ಒಂದು ಗೋಡೆಯ ಮೇಲೆ ಉಳಿಯುತ್ತದೆ, ಆದರೆ ತಾಮ್ರದ ಒಂದೇ ತಗಡಿನಿಂದ ಹಲವು ಪ್ರತಿಗಳನ್ನು ತೆಗೆದು ಚಕ್ರವರ್ತಿಯ ಮುಖವನ್ನು ದೂರದ ಊರುಗಳಿಗೂ ತಲುಪಿಸಬಹುದಿತ್ತು. ರೋಟಾ ಎರಡನೆಯ ಮ್ಯಾಕ್ಸಿಮಿಲಿಯನ್ ಮತ್ತು 1576ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ರುಡಾಲ್ಫ್ ಇಬ್ಬರ ಭಾವಚಿತ್ರಗಳನ್ನೂ ಕೆತ್ತಿದ. ಬಣ್ಣದ ಭಾವಚಿತ್ರಗಳನ್ನೂ ರಚಿಸಿದ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದಗಳು. ಟಿಶಿಯನ್‌ನ ಕೃತಿಗಳ ವಿಷಯದಲ್ಲಿ ರೋಟಾನ ಕೆತ್ತನೆಗಳನ್ನು ಎಷ್ಟರಮಟ್ಟಿಗೆ ನೆಚ್ಚಬಹುದು?

ಉತ್ತರ 1:
ಒಂದು ಕೃತಿಯ ಮಟ್ಟಿಗಂತೂ ನೆಚ್ಚದೆ ಬೇರೆ ದಾರಿ ಕಡಿಮೆ. ವೆನಿಸ್‌ನ ಸಂತ ಜಾನ್ ಮತ್ತು ಪಾಲ್ ಚರ್ಚಿಗಾಗಿ ಟಿಶಿಯನ್ ರಚಿಸಿದ್ದ, ಹುತಾತ್ಮ ಸಂತ ಪೀಟರ್‌ನ (ಯೇಸುವಿನ ಶಿಷ್ಯನಲ್ಲ, ವೆರೋನಾದ ಪೀಟರ್) ಕೊಲೆಯನ್ನು ಚಿತ್ರಿಸುವ ಪೂಜಾವೇದಿಕೆಯ ಚಿತ್ರ 1867ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅದರ ವಿನ್ಯಾಸವನ್ನು ಇಂದು ರೋಟಾನ ಕೆತ್ತನೆ, ಕೆಲವು ವರ್ಣಪ್ರತಿಗಳಂತಹ ನಕಲುಗಳ ಮೂಲಕ ಮಾತ್ರ ತಿಳಿಯಲು ಸಾಧ್ಯ. ಬಣ್ಣದ ಬಗ್ಗೆ ಕೆತ್ತನೆ ಏನನ್ನೂ ಹೇಳಲಾರದು. ಆದ್ದರಿಂದ ಅದನ್ನು ಆ ಚರ್ಚಿನಲ್ಲಿ ಈಗಿರುವ ವರ್ಣಪ್ರತಿಯ ಪಕ್ಕದಲ್ಲಿಟ್ಟು, ಮರಗಳ ಬಾಗು ಮತ್ತು ಓಡಿಹೋಗುತ್ತಿರುವ ಸಂಗಡಿಗನ ಭಂಗಿಯನ್ನು ಹೋಲಿಸುತ್ತಾ ಅಭ್ಯಾಸ ಮಾಡಿ.